ನೀರಿದ್ದಷ್ಟೇ ಜನ: ಬರ್ಡ್ಸ್‌ವಿಲ್ ಟ್ರ್ಯಾಕಿನ ದನದ ಸೀಮೆ

ಮೊದಲು ಒಂದು ಲೆಕ್ಕ ಹೇಳಿಬಿಡ್ತೀನಿ, ಅದು ತಲೇಲಿ ಕೂತರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನೈಋತ್ಯ ಮೂಲೇಲಿ ಡಯಮಂಟಿನಾ ಶೈರ್ ಅಂತ ಇದೆ, ನಮ್ಮ ತಾಲ್ಲೂಕು ಪಂಚಾಯ್ತಿ ಥರದ ಒಂದು ಸ್ಥಳೀಯ ಆಡಳಿತ. ಅದರ ವಿಸ್ತೀರ್ಣ ಸುಮಾರು 95,000 ಚದರ ಕಿಲೋಮೀಟರ್. ಇಡೀ ಕರ್ನಾಟಕ 1,91,791, ಅಂದ್ರೆ ಹೆಚ್ಚೂಕಮ್ಮಿ ನಮ್ಮ ರಾಜ್ಯದ ಅರ್ಧದಷ್ಟು ನೆಲ. ಅಲ್ಲಿ ಎಷ್ಟು ಜನ ಇದಾರೆ ಅಂದ್ರೆ, 2021ರ ಜನಗಣತಿ ಪ್ರಕಾರ ಮುನ್ನೂರರೊಳಗೆ! ಅದರಲ್ಲಿ ಬರ್ಡ್ಸ್‌ವಿಲ್ ಅನ್ನೋ ಊರಲ್ಲೇ 110 ಜನ, ಮಿಕ್ಕವರು ಇನ್ನೊಂದು ಸಣ್ಣ ಊರಲ್ಲಿ, ದನದ ಸ್ಟೇಷನ್‌ಗಳಲ್ಲಿ. ಸ್ಟೇಷನ್ ಅಂದ್ರೆ ಅಲ್ಲಿ ದನ ಸಾಕೋ ಭಾರೀ ದೊಡ್ಡ ಜಮೀನು.

ಆ ಬರ್ಡ್ಸ್‌ವಿಲ್‌ನಿಂದ ದಕ್ಷಿಣಕ್ಕೆ ಸೌತ್ ಆಸ್ಟ್ರೇಲಿಯಾದ ಮರ್ರೀ ಅನ್ನೋ ಊರಿನ ತನಕ 517 ಕಿಲೋಮೀಟರ್ ಮಣ್ಣು ರಸ್ತೆ, ಅದೇ ಬರ್ಡ್ಸ್‌ವಿಲ್ ಟ್ರ್ಯಾಕ್. ನಾನು ಇವತ್ತು ಮಾತಾಡ್ತಿರೋದು ಆ ರಸ್ತೆಯ ಆಕಡೆ ಈಕಡೆ ಇರೋ ಸೀಮೆ ಬಗ್ಗೆ. ದಾರೀಲಿ ಕ್ಲಿಫ್ಟನ್ ಹಿಲ್ಸ್ ಅಂತ ಒಂದು ಸ್ಟೇಷನ್ ಬರತ್ತೆ, ಅದೊಂದೇ ಸುಮಾರು 17,000 ಚದರ ಕಿಲೋಮೀಟರ್, ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಸೌತ್ ಆಸ್ಟ್ರೇಲಿಯಾ ಸರ್ಕಾರ 2013ರಲ್ಲಿ ಇಂಥ ಸ್ಟೇಷನ್‌ಗಳನ್ನೇ ಒಂದೊಂದು ಅಧಿಕೃತ ಊರಿನ ಹಾಗೆ ಗಡಿ ಹಾಕಿ ಗೆಜೆಟ್‌ನಲ್ಲಿ ಸೇರಿಸ್ತು, ಹಾಗಾಗಿ ಮ್ಯಾಪ್‌ನಲ್ಲಿ ಹೆಸರು ಇರತ್ತೆ, ಅಂಚೆ ವಿಳಾಸ ಇರತ್ತೆ, ಹೋಗಿ ನೋಡಿದ್ರೆ ಒಂದು ಮನೆ, ಕೆಲಸದವರ ಕ್ವಾರ್ಟರ್ಸು, ವರ್ಕ್‌ಶಾಪು, ಒಂದು ಏರ್‌ಸ್ಟ್ರಿಪ್, ಅಷ್ಟೇ.

ಇಂಥ ಕಡೆಗೆ ಹೋಗಿ ಬಂದವರೆಲ್ಲ "ಏನೂ ಇಲ್ಲ ಸರ್ ಅಲ್ಲಿ, ಖಾಲಿ" ಅಂತಾರೆ. ನನಗೆ ಅದನ್ನ ಕೇಳಿದ್ರೆ ಸಂಕಟ ಆಗತ್ತೆ. ಆ ಜಾಗ ಖಾಲಿ ಅಲ್ಲ. ಅಲ್ಲಿ ಎಷ್ಟು ಜನ ಇರಬಹುದು, ಎಷ್ಟು ದನ ಇರಬಹುದು ಅಂತ ನೀರು ತೀರ್ಮಾನ ಮಾಡಿದೆ, ಅಷ್ಟೇ ಜನ, ಅಷ್ಟೇ ದನ ಇದಾವೆ. ಇವತ್ತು ನಿಮಗೆ ಹೇಳಬೇಕು ಅಂತಿರೋದು ಇದನ್ನೇ.

ಮಳೆ ವಿಷ್ಯಕ್ಕೆ ಬರೋಣ. ಚಿತ್ರದುರ್ಗ ಜಿಲ್ಲೆಯವರು ಇಲ್ಲಿ ತುಂಬ ಜನ ಇದೀರಿ, ಬರ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದ್ರೆ ಚಳ್ಳಕೆರೆಯಲ್ಲಿ ಬೀಳೋ ಸರಾಸರಿ ಮಳೆಯ ಅರ್ಧದಷ್ಟೂ ಈ ಸೀಮೇಲಿ ಬೀಳಲ್ಲ, ವರ್ಷಕ್ಕೆ ನೂರೈವತ್ತು ಮಿಲಿಮೀಟರ್ ಆಸುಪಾಸು. ಅದೂ ಸರಾಸರಿ. ಒಂದು ವರ್ಷ ಮುನ್ನೂರು ಬೀಳಬಹುದು, ಆಮೇಲೆ ಮೂರು ವರ್ಷ ಹೆಚ್ಚೂಕಮ್ಮಿ ಏನೂ ಬೀಳದೇ ಇರಬಹುದು. ಬಿಸಿಲಿಗೆ ಆವಿಯಾಗಿ ಹೋಗೋ ನೀರಿನ ಲೆಕ್ಕ ಹಾಕಿದ್ರೆ ವರ್ಷಕ್ಕೆ ಮೂರು ಮೀಟರ್‌ಗಿಂತ ಜಾಸ್ತಿ. ಕೆರೆ ಕಟ್ಟಿ ನೀರು ಇಟ್ಕೊಳ್ತೀನಿ ಅನ್ನೋ ಮಾತೇ ಅಲ್ಲಿ ನಡೆಯಲ್ಲ.

ಹಾಗಾದ್ರೆ ದನ ಬದುಕೋದು ಹೇಗೆ? ಎರಡು ನೀರು ಇದೆ ಅಲ್ಲಿ. ಒಂದು ಕೆಳಗಿನಿಂದ ಬರತ್ತೆ, ಇನ್ನೊಂದು ದೂರದಿಂದ ಬರತ್ತೆ.

ಕೆಳಗಿನದು ಗ್ರೇಟ್ ಆರ್ಟೀಸಿಯನ್ ಬೇಸಿನ್. ಆಸ್ಟ್ರೇಲಿಯಾದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೆಲದ ಅಡಿ, 17 ಲಕ್ಷ ಚದರ ಕಿಲೋಮೀಟರ್ ಹರಡಿರೋ ಅಂತರ್ಜಲ. ಪೂರ್ವದ ಗ್ರೇಟ್ ಡಿವೈಡಿಂಗ್ ಬೆಟ್ಟಸಾಲಲ್ಲಿ ಬಿದ್ದ ಮಳೆ ಮರಳುಗಲ್ಲಿನೊಳಗೆ ಇಳಿದು ವರ್ಷಕ್ಕೆ ಒಂದರಿಂದ ಐದು ಮೀಟರ್ ವೇಗದಲ್ಲಿ ಪಶ್ಚಿಮಕ್ಕೆ ತೆವಳ್ತಾ ಬರತ್ತೆ, ಮೇಲೆ ಕೆಳಗೆ ನೀರು ಬಿಡದ ಪದರಗಳು ಇರೋದ್ರಿಂದ ಒತ್ತಡದಲ್ಲಿ ಸಿಕ್ಕಿಹಾಕ್ಕೊಂಡಿರತ್ತೆ, ಹಂಗಾಗಿ ಬೋರ್ ಕೊರೆದರೆ ಪಂಪೇ ಬೇಡ, ತಾನೇ ಮೇಲಕ್ಕೆ ಚಿಮ್ಮತ್ತೆ. ಈ ಕಡೆ ಬರೋ ಹೊತ್ತಿಗೆ ಆ ನೀರಿನ ವಯಸ್ಸು ಹತ್ತು ಲಕ್ಷ ವರ್ಷಕ್ಕೂ ಮೀರಿರಬಹುದು. ಆ ನಾಡಿನ ಮೊದಲ ಚಿಮ್ಮೋ ಬೋರ್ ಬಿದ್ದಿದ್ದು 1878ರಲ್ಲಿ, ನ್ಯೂ ಸೌತ್ ವೇಲ್ಸ್‌ನ ಬುರ್ಕ್ ಹತ್ರದ ಒಂದು ಸ್ಟೇಷನ್ನಲ್ಲಿ.

ಬರ್ಡ್ಸ್‌ವಿಲ್ ಊರಿನ ಬೋರು ಸುಮಾರು 1,200 ಮೀಟರ್ ಆಳದ್ದು. ನೀರು ಮೇಲೆ ಬರೋವಾಗ 98 ಡಿಗ್ರಿ, ಅಂದ್ರೆ ಹೆಚ್ಚೂಕಮ್ಮಿ ಕುದಿಯೋ ನೀರು. ಆ ಬಿಸೀಲೇ 1992ರಿಂದ ಹೆಚ್ಚೂಕಮ್ಮಿ ಕಾಲು ಶತಮಾನ ಕರೆಂಟ್ ಮಾಡಿಕೊಂಡ್ರು, ಸಣ್ಣ ಪ್ಲಾಂಟ್ ಅದು, ಊರಿನ ಬೇಡಿಕೆಯ ಒಂದು ಪಾಲು ಅದರಿಂದ ಬರ್ತಿತ್ತು. ಟ್ರ್ಯಾಕ್ ಮಧ್ಯದ ಇಂಥ ಬೋರ್ ಒಂದರ ಹತ್ರ ನಿಂತ್ಕೊಂಡ್ರೆ ಮೊದಲು ಮೂಗಿಗೆ ಕೊಳೆತ ಮೊಟ್ಟೆ ವಾಸನೆ ಬಡಿಯತ್ತೆ, ಗಂಧಕದ್ದು. ಕಬ್ಬಿಣದ ಕೊಳವೆ ಬಾಯಿ ಸುತ್ತ ಬಿಳಿ, ತುಕ್ಕು ಬಣ್ಣದ ಉಪ್ಪಿನ ಗಂಟು. ಬೆಳಿಗ್ಗೆ ಚಳೀಲಿ ನೋಡಿದ್ರೆ ನೀರಿನ ಮೇಲೆ ಹಬೆ ಹರಡಿಕೊಂಡಿರತ್ತೆ. ಮೊದಲ ನೂರಿನ್ನೂರು ಅಡಿ ದನ ಹತ್ರಕ್ಕೇ ಹೋಗಲ್ಲ, ಬಾಯಿ ಸುಟ್ಟುಹೋಗತ್ತೆ. ನೀರು ಹರಿದು ಹರಿದು ತಣ್ಣಗಾದ ಕಡೆ ಜೊಂಡು ಬೆಳೆದಿರತ್ತೆ, ಹಕ್ಕಿ ಕೂತಿರ್ತಾವೆ, ಅಲ್ಲಿ ಗೊರಸಿನ ಗುರುತು ಶುರು ಆಗತ್ತೆ. ಅಲ್ಲಿಂದ ದನ ನಡೆದ ಜಾಡುಗಳು ಹತ್ತು ದಿಕ್ಕಿಗೂ ಹೋಗಿರ್ತಾವೆ, ವಿಮಾನದಿಂದ ನೋಡಿದ್ರೆ ಇನ್ನೂ ಚೆನ್ನಾಗಿ ಕಾಣತ್ತೆ.

ಇಲ್ಲಿ ಒಂದು ದೊಡ್ಡ ತಪ್ಪು ನಡೆದಿತ್ತು. ನೀರು ಹೇಗೂ ಬರ್ತಾನೇ ಇದೆಯಲ್ಲ ಅಂತ ಬೋರ್‌ಗಳನ್ನ ತೆರೆದೇ ಬಿಟ್ಟು, ಮಣ್ಣಿನ ಕಾಲುವೇಲಿ ಮೈಲಿಗಟ್ಟಲೆ ಹರಿಸಿದ್ರು. ಬಂದ ನೀರಲ್ಲಿ ಬಹುಪಾಲು ಆವಿಯಾಗಿಯೋ ಇಂಗಿಯೋ ಹಾಳಾಗ್ತಿತ್ತು, ದನಕ್ಕೆ ಸಿಗ್ತಿದ್ದದ್ದು ಚೂರು. ನೂರು ವರ್ಷ ಹಿಂಗೇ ನಡೆದು ಒತ್ತಡ ಇಳೀತಾ ಬಂತು, ಎಷ್ಟೋ ಬೋರ್ ಚಿಮ್ಮೋದು ನಿಲ್ಲಿಸಿದ್ವು, ತಾನಾಗೇ ಉಕ್ಕುತ್ತಿದ್ದ ಬುಗ್ಗೆಗಳು ಬತ್ತಿದ್ವು. 1999ರಿಂದ ಕೇಂದ್ರ, ರಾಜ್ಯ ಸರ್ಕಾರಗಳು, ಸ್ಟೇಷನ್‌ನವರು ಸೇರಿ ದುಡ್ಡು ಹಾಕಿ ಬೋರ್‌ಗಳಿಗೆ ಮುಚ್ಚಳ ಕೂರಿಸಿ ಕಾಲುವೆ ಬದಲು ಪೈಪು, ಬಾನಿ ಮಾಡ್ಕೊಂಡು ಬಂದ್ರು, ಹಲವು ಕಡೆ ಒತ್ತಡ ಮತ್ತೆ ಏರಿದೆ. ಸಾವಿರ ಅಡಿ ಕೊರೆಸಿ ಧೂಳು ಮಾತ್ರ ನೋಡಿರೋ ನಮ್ಮವರು ಇದನ್ನ ಗಮನ ಇಟ್ಟು ಕೇಳಬೇಕು. ನೀರು ಮುಗಿಯೋಕೆ ಮುಂಚೆ ಎಲ್ರೂ ಕೂತು ಲೆಕ್ಕ ಹಾಕಿದ್ರೆ ಸ್ವಲ್ಪನಾದ್ರೂ ವಾಪಸ್ ಬರತ್ತೆ.

ಬರ್ಡ್ಸ್‌ವಿಲ್ ಟ್ರ್ಯಾಕ್ ಅನ್ನೋ ದಾರಿ ಹುಟ್ಟಿದ್ದೇ ನೀರಿನಿಂದ. 1884ರಲ್ಲಿ ರೈಲು ಮರ್ರೀಗೆ ಬಂತು, ಕ್ವೀನ್ಸ್‌ಲ್ಯಾಂಡ್‌ನ ದನಗಳನ್ನ ಅಲ್ಲಿ ತನಕ ಹೊಡ್ಕೊಂಡು ಬಂದು ರೈಲಿಗೆ ಹತ್ತಿಸಿದ್ರೆ ಅಡಿಲೇಡ್ ಮಾರುಕಟ್ಟೆ. ಮಧ್ಯೆ ದನಕ್ಕೆ ನೀರು ಬೇಕಲ್ಲ, ಅದಕ್ಕೆ ಸರ್ಕಾರ 1890ರ ದಶಕದಿಂದ ದಾರಿಯುದ್ದಕ್ಕೂ ಬೋರ್ ಕೊರೆಸ್ತಾ ಬಂತು. ದನ ಒಂದು ನೀರಿನಿಂದ ಇನ್ನೊಂದು ನೀರಿಗೆ ನಡೆಯೋ ಹಾಗೆ. ಇವತ್ತು ಟೂರಿಸ್ಟ್‌ಗಳು ಫೋರ್ ವೀಲ್ ಡ್ರೈವ್‌ನಲ್ಲಿ ಹೋಗೋ ದಾರಿ ದನದ ಬಾಯಾರಿಕೆ ಹಾಕಿಕೊಟ್ಟ ದಾರಿ.

ಈ ಮಾತಿಗೆ ಒಂದು ಕಥೆ ಹೇಳಲೇಬೇಕು, ವಿಷ್ಯ ಸ್ವಲ್ಪ ಪಕ್ಕಕ್ಕೆ ಹೋಗತ್ತೆ. ಪಕ್ಕದ ಸ್ಟ್ರೆಲೆಕಿ ದಾರಿಯದು. 1870ರಲ್ಲಿ ಹ್ಯಾರಿ ರೆಡ್‌ಫರ್ಡ್ ಅನ್ನೋನು ಕ್ವೀನ್ಸ್‌ಲ್ಯಾಂಡ್‌ನ ಬೋವೆನ್ ಡೌನ್ಸ್ ಸ್ಟೇಷನ್‌ನಿಂದ ಸುಮಾರು ಸಾವಿರ ದನ ಕದ್ದ. ಕದ್ದು ಕೂಪರ್ ಕ್ರೀಕ್ ಅನ್ನೋ ನದಿ ಹಿಡ್ಕೊಂಡು, ಸ್ಟ್ರೆಲೆಕಿ ಕ್ರೀಕ್ ಹಿಡ್ಕೊಂಡು, ಸಾವಿರ ಕಿಲೋಮೀಟರ್‌ಗೂ ಮೀರಿ ನಡೆಸಿಕೊಂಡು ಸೌತ್ ಆಸ್ಟ್ರೇಲಿಯಾದ ಬ್ಲಾಂಚ್‌ವಾಟರ್‌ನಲ್ಲಿ 5,000 ಪೌಂಡ್‌ಗೆ ಮಾರಿದ. ಅದಕ್ಕೆ ಒಂಬತ್ತು ವರ್ಷ ಹಿಂದೆ, 1861ರಲ್ಲಿ, ಬರ್ಕ್ ಮತ್ತು ವಿಲ್ಸ್ ಅನ್ನೋ ಅನ್ವೇಷಕರು ಇದೇ ಕೂಪರ್ ದಂಡೇಲಿ ಹಸಿದು ಸತ್ತಿದ್ರು! ಕಳ್ಳತನ ಸಿಕ್ಕಿಬಿದ್ದಿದ್ದು ಮಂದೆಯಲ್ಲಿದ್ದ ಒಂದು ಬಿಳಿ ಗೂಳಿಯಿಂದ, ಅದನ್ನ ನೋಡಿದವರು ಗುರುತು ಹಿಡಿದ್ರು. 1873ರಲ್ಲಿ ರೋಮಾ ಊರಿನ ಕೋರ್ಟಲ್ಲಿ ವಿಚಾರಣೆ ಆಯ್ತು, ಸಾಕ್ಷಿ ಎಲ್ಲ ಇದ್ರೂ ಜ್ಯೂರಿ ಅವನನ್ನ ಬಿಟ್ಟುಬಿಡ್ತು. ಕಳ್ಳತನವನ್ನ ನಾನು ಹೊಗಳ್ತಿಲ್ಲ. ಆದ್ರೆ ಆ ವರ್ಷ ಒಳ್ಳೇ ನೀರು ಇತ್ತು, ಎಲ್ಲಿ ಇದೆ ಅಂತ ಅವನು ಓದಬಲ್ಲವನಾಗಿದ್ದ, ಅವನು ನಡೆಸಿದ ದಾರೀಲೇ ಆಮೇಲೆ ಎಲ್ರೂ ದನ ಹೊಡೆದ್ರು.

ಈಗ ಎರಡನೇ ನೀರು, ದೂರದ್ದು. ನನಗೆ ಇದು ಆ ಸೀಮೆಯ ಅತಿ ದೊಡ್ಡ ಸೋಜಿಗ. ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಾನ್ಸೂನ್ ಮಳೆ ಬೀಳತ್ತೆ, ಡಯಮಂಟಿನಾ, ಜಾರ್ಜಿನಾ, ಕೂಪರ್ ತುಂಬ್ತಾವೆ. ಈ ನದಿಗಳು ಸಮುದ್ರದ ಕಡೆ ಹೋಗಲ್ಲ, ದೇಶದ ಒಳಕ್ಕೆ ಹರೀತಾವೆ, ಸಮುದ್ರ ಮಟ್ಟಕ್ಕಿಂತ ಹದಿನೈದು ಮೀಟರ್ ಕೆಳಗಿರೋ ಐರ್ ಸರೋವರಕ್ಕೆ, ಅಲ್ಲಿನ ಮೂಲ ಜನರ ಹೆಸರಲ್ಲಿ ಕಾಟಿ ತಂಡ. ನೆಲ ಎಷ್ಟು ಚಪ್ಪಟೆ ಅಂದ್ರೆ ನದಿ ನೂರಾರು ಕಾಲುವೆ ಆಗಿ ಒಡೆದು ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿಕೊಳ್ಳತ್ತೆ, ನಡೆದುಹೋಗೋ ವೇಗದಲ್ಲೂ ಬರಲ್ಲ, ವಾರಗಟ್ಟಲೆ ತಗೊಳ್ಳತ್ತೆ. ಕೆಳಗಿನವರಿಗೆ ಒಂದು ಹನಿ ಮಳೆ ಬಿದ್ದಿರಲ್ಲ, ಆಕಾಶ ನೀಲಿ, ಬಿಸಿಲು ಚುರುಚುರು, ಆ ಬಿಸಿಲಲ್ಲೇ ನೆರೆ ಬರತ್ತೆ. ಡಯಮಂಟಿನಾ ಬಂದು ಕ್ಲಿಫ್ಟನ್ ಹಿಲ್ಸ್ ಜಮೀನಿನೊಳಗಿನ ಗಾಯ್ಡರ್ ಲಗೂನ್‌ನಲ್ಲಿ ಹರಡಿಕೊಳ್ಳತ್ತೆ. ನೀರು ಇಳಿದ ಮೇಲೆ ಕರೀ ಬಿರುಕು ಮಣ್ಣಲ್ಲಿ ಎದ್ದು ಬರೋ ಮೇವು ಇದೆಯಲ್ಲ, ಅದನ್ನ ತಿಂದ ದನ ಬೇರೆ ಏನೂ ಹಾಕದೇನೇ ಕೊಬ್ಬತ್ತೆ. ಆ ಕಡೆಯ ಸುಮಾರು ಸ್ಟೇಷನ್‌ಗಳು ಆರ್ಗ್ಯಾನಿಕ್ ಮಾಂಸಕ್ಕೆ ಹೆಸರು ಮಾಡಿರೋದು ಇದೇ ಕಾರಣಕ್ಕೆ.

ಇದನ್ನ ಅರ್ಥ ಮಾಡ್ಕೊಂಡು ಸಾಮ್ರಾಜ್ಯ ಕಟ್ಟಿದವನು ಸಿಡ್ನಿ ಕಿಡ್‌ಮನ್, 1857ರಿಂದ 1935. ಹದಿಮೂರನೇ ವಯಸ್ಸಿಗೆ ಮನೆ ಬಿಟ್ಟ ಹುಡುಗ. ಅವನ ಲೆಕ್ಕ ಸರಳ: ಬರ ಎಲ್ಲ ಕಡೆ ಒಟ್ಟಿಗೆ ಬರಲ್ಲ, ಉತ್ತರದಿಂದ ದಕ್ಷಿಣಕ್ಕೆ ನದಿ ಹಿಡ್ಕೊಂಡು ಸಾಲಾಗಿ ಸ್ಟೇಷನ್‌ಗಳನ್ನ ಕೊಂಡಿಟ್ರೆ, ಎಲ್ಲಿ ಮೇವು ಇದೆಯೋ ಅಲ್ಲಿಗೆ ದನ ಸಾಗಿಸ್ತಾ ಮಾರುಕಟ್ಟೆ ತಲುಪಿಸಬಹುದು. ನಮ್ಮ ಕಡೆ ಕುರಿಗಾರರು ಮಳೆ ನೋಡ್ಕೊಂಡು ವಲಸೆ ಹೋಗ್ತಾರಲ್ಲ, ಲೆಕ್ಕ ಅದೇ, ಅಳತೆ ಬೇರೆ.

ನೆರೆ ಅಂದ್ರೆ ಬರೀ ವರ ಅಂತ ತಿಳ್ಕೋಬೇಡಿ. 2025ರ ಮಾರ್ಚ್ ಕೊನೇಲಿ ಪಶ್ಚಿಮ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಂದ ನೆರೆ ಹಲವು ಕಡೆ 1974ರ ಮಟ್ಟ ದಾಟಿತು, ಲಕ್ಷಕ್ಕೂ ಹೆಚ್ಚು ದನ ಕುರಿ ಸತ್ತವು ಅಥವಾ ಕಾಣೆಯಾದವು, ಬೇಲಿಗಳು ಸಾವಿರಾರು ಕಿಲೋಮೀಟರ್ ಕೊಚ್ಚಿಹೋದವು. ಮೇವು ಬೆಳೆಯೋಕೆ ಬೇಕಾದ ನೀರೇ ಮಂದೆನೂ ಕೊಚ್ಕೊಂಡು ಹೋಯ್ತು.

ದನದ ಬಗ್ಗೆ ಕೇಳೋಕೆ ನೀವು ಕಾಯ್ತಿದೀರ ಅಂತ ಗೊತ್ತು. ಅಲ್ಲಿ ಚದರ ಕಿಲೋಮೀಟರಿಗೆ ಒಂದು ದನ ಅಂತ ಇಟ್ಕೊಳ್ಳಿ, ಕೆಲವು ಕಡೆ ಅದೂ ಇಲ್ಲ. ನೆಲ ಸರ್ಕಾರದ್ದು, ಸ್ಟೇಷನ್‌ನವರದು ಗುತ್ತಿಗೆ, ಸೌತ್ ಆಸ್ಟ್ರೇಲಿಯಾದಲ್ಲಿ 42 ವರ್ಷದ್ದು, ಎಷ್ಟು ದನ ಬಿಡಬಹುದು ಅಂತ ಮಿತಿನೂ ಹಾಕಿರ್ತಾರೆ. ಬೇಸಿಗೇಲಿ ದನ ನೀರಿಂದ ಹತ್ತು ಕಿಲೋಮೀಟರ್ ಮೀರಿ ದೂರ ಹೋಗೋದು ಅಪರೂಪ, ಹಂಗಾಗಿ ಬೋರ್ ಸುತ್ತ ನೆಲ ಬೋಳಾಗಿರತ್ತೆ, ದೂರ ಹೋದಷ್ಟೂ ಹುಲ್ಲು ಇರತ್ತೆ. ಹುಲ್ಲಿದ್ರೂ ನೀರಿಲ್ಲದ ಕಡೆ ಅದು ದನಕ್ಕೆ ಇಲ್ಲದ ಹಾಗೇ.

ಇಷ್ಟು ದೊಡ್ಡ ಜಾಗದಲ್ಲಿ ದನ ಹಿಡಿಯೋದು ಹೇಗೆ? ಹೆಲಿಕಾಪ್ಟರ್, ಬೈಕು ಇದಾವೆ. ಆದ್ರೆ ನನಗೆ ತುಂಬ ಹಿಡಿಸಿದ್ದು ನೀರಿನ ದೊಡ್ಡಿ. ಬಾನಿ ಸುತ್ತ ಗಟ್ಟಿ ಬೇಲಿ ಹಾಕಿ ಒಳಕ್ಕೆ ಒಂದು ಬಾಗಿಲು ಇಟ್ಟಿರ್ತಾರೆ, ಎರಡೂ ಕಡೆಯಿಂದ ಕಬ್ಬಿಣದ ಕೊಳವೆಗಳು ಒಳಮುಖವಾಗಿ ಚಾಚಿಕೊಂಡು ತುದೀಲಿ ಹತ್ರ ಬರೋ ಹಾಗೆ. ಬಾಯಾರಿದ ದನ ಮೈ ಒತ್ತಿಕೊಂಡು ಒಳಗೆ ನುಗ್ಗತ್ತೆ, ಕೊಳವೆಗಳು ಬಾಗಿ ದಾರಿ ಬಿಟ್ಟು ಮತ್ತೆ ಮೊದಲಿನ ಹಾಗೆ ಕೂಡಿಕೊಳ್ತಾವೆ. ನೀರು ಕುಡಿದು ತಿರುಗಿದ್ರೆ ಮೊನೆಗಳು ಮುಖಕ್ಕೇ ಇರ್ತಾವೆ, ಹೊರಗೆ ಬರಕ್ಕಾಗಲ್ಲ. ಓಡಿಸೋದಿಲ್ಲ, ಗದರೋದಿಲ್ಲ, ದನಕ್ಕೆ ಗಾಬರಿ ಇಲ್ಲ.

ತಳಿ ವಿಷ್ಯದಲ್ಲಿ ನಮಗೆ ಒಂದು ನಂಟು ಇದೆ, ಇದನ್ನ ಹೆಮ್ಮೆಯಿಂದ ಹೇಳ್ತೀನಿ. ಮೊದಲು ಅಲ್ಲಿದ್ದದ್ದು ಇಂಗ್ಲೆಂಡಿನ ಶಾರ್ಟ್‌ಹಾರ್ನ್, ಹಿಯರ್‌ಫರ್ಡ್. ಕ್ವೀನ್ಸ್‌ಲ್ಯಾಂಡಿನ ಉತ್ತರದಲ್ಲಿ ಇವು ಉಣ್ಣಿ ಹುಳಕ್ಕೆ, ಬಿಸಿಲಿಗೆ ಸೋಲ್ತಿದ್ವು. 1933ರಲ್ಲಿ ಅಮೆರಿಕದಿಂದ ಬ್ರಾಹ್ಮನ್ ತಳಿಯನ್ನ ಕ್ವೀನ್ಸ್‌ಲ್ಯಾಂಡಿಗೆ ತಂದ್ರು. ಆ ಅಮೆರಿಕನ್ ಬ್ರಾಹ್ಮನ್ ಹುಟ್ಟಿದ್ದು ನಮ್ಮ ದೇಶದ ಕಾಂಕ್ರೇಜ್, ಒಂಗೋಲ್, ಗಿರ್ ಜೊತೆಗೆ ಕೃಷ್ಣಾ ತೀರದ ತಳಿ ಸೇರಿಕೊಂಡು. ಹೌದು, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಅದೇ ಕೃಷ್ಣಾ ತೀರದ ದನ! ಪಾಲು ಚಿಕ್ಕದಿರಬಹುದು, ಆದ್ರೆ ಇದೆ. ಆಮೇಲೆ 1952ರಲ್ಲಿ ಬಂದ ಸಾಂಟಾ ಗರ್ಟ್ರೂಡಿಸ್‌ನಲ್ಲೂ ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್ ರಕ್ತ. ಅಲ್ಲಿ ನಮ್ಮ ದನದ ರಕ್ತಕ್ಕೆ ಇಷ್ಟು ಬೆಲೆ ಇದೆ, ಇಲ್ಲಿ ಆ ತಳಿಯ ಜೋಡಿ ಹುಡುಕೋದೇ ಕಷ್ಟ ಆಗಿದೆ.

ಇನ್ನು ಜನ. ದನ ಬರೋಕೆ ಸಾವಿರಾರು ವರ್ಷ ಮುಂಚೆಯಿಂದ ಅಲ್ಲಿ ಜನ ಇದ್ರು: ದಿಯರಿ, ವಾಂಗ್‌ಕಂಗುರು, ಯರ್ಲುಯಂಡಿ, ಯಂಡ್ರುವಂದಾ. ವಾಂಗ್‌ಕಂಗುರು ಜನ ಸಿಂಪ್ಸನ್ ಮರಳುಗಾಡಿನ ಒಳಗೇ ವಾಸ ಇದ್ರು, ಮಿಕಿರಿ ಅನ್ನೋ ಬಾವಿಗಳ ಆಸರೇಲಿ. ಮಿಕಿರಿ ಅಂದ್ರೆ ಮರಳುದಿಬ್ಬಗಳ ನಡುವಿನ ತಗ್ಗಲ್ಲಿ ಆಳಕ್ಕೆ ತೋಡಿದ ಕಿರಿದಾದ ಸುರಂಗ, ಒಬ್ಬರು ಇಳಿದು ನೀರು ತುಂಬ್ಕೊಂಡು ಬರಬೇಕು. ಯಾವ ಬಾವಿಯಿಂದ ಯಾವ ಬಾವಿಗೆ ಎಷ್ಟು ನಡಿಗೆ ಅನ್ನೋದು ಅವರ ಹಾಡಲ್ಲಿ, ಕಥೇಲಿ ಇತ್ತು. 1900ರ ಹೊತ್ತಿಗೆ ಕೊನೆಯವರೂ ಮರಳುಗಾಡು ಬಿಟ್ಟು ಸ್ಟೇಷನ್‌ಗಳ, ಮಿಷನ್‌ಗಳ ಕಡೆ ಬಂದ್ರು. ಟ್ರ್ಯಾಕಿನ ಪಕ್ಕದ ಕಿಲ್ಲಲ್‌ಪನಿನ್ನಾದಲ್ಲಿ ಜರ್ಮನ್ ಪಾದ್ರಿಗಳು ದಿಯರಿ ಭಾಷೇಲಿ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ್ರು, 1897ರಲ್ಲಿ.

ಈ ಜನರೇ ಸ್ಟೇಷನ್‌ಗಳನ್ನ ಕಟ್ಟಿದ್ದು, ಕುದುರೆ ಮೇಲೆ ದನ ಮೇಯಿಸಿದ್ದು. ಎಷ್ಟೋ ಕಡೆ ಕೂಲಿ ಅಂತ ಸಿಕ್ತಿದ್ದದ್ದು ಹಿಟ್ಟು, ಸಕ್ಕರೆ, ಟೀ ಪುಡಿ, ಬಟ್ಟೆ. 1966ರಲ್ಲಿ ಅವರಿಗೂ ಸಮಾನ ಕೂಲಿ ಕೊಡಬೇಕು ಅಂತ ತೀರ್ಪು ಬಂತು, ನ್ಯಾಯವಾದ ತೀರ್ಪು. ಆದ್ರೆ ದೇಶದ ಉತ್ತರದಲ್ಲಿ ಹಲವು ಮಾಲೀಕರು ಕೂಲಿ ಕೊಡೋ ಬದಲು ಅವರನ್ನೇ ಹೊರಗೆ ಹಾಕಿದ್ರು, ಅದೇ ಹೊತ್ತಿಗೆ ಹೆಲಿಕಾಪ್ಟರು, ಲಾರಿ ಬಂದ್ವು. ಅಂದ್ರೆ ಇವತ್ತಿನ ಆ ಸಣ್ಣ ಜನಸಂಖ್ಯೇಲಿ ನೀರಿನ ಲೆಕ್ಕ ಮಾತ್ರ ಅಲ್ಲ, ಅನ್ಯಾಯದ ಲೆಕ್ಕನೂ ಇದೆ, ಅದನ್ನ ಬಿಟ್ಟು ಹೇಳಿದ್ರೆ ಸುಳ್ಳಾಗತ್ತೆ. 2012ರಲ್ಲಿ ದಿಯರಿ ಜನರ ಭೂಹಕ್ಕನ್ನ ಫೆಡರಲ್ ಕೋರ್ಟ್ ಮಾನ್ಯ ಮಾಡಿದೆ, ದನದ ಗುತ್ತಿಗೆ ಜೊತೆಜೊತೆಗೇ ಅದೂ ನಡೆಯತ್ತೆ.

ಒಂಟೆಯವರನ್ನ ಮರೆಯೋ ಹಾಗಿಲ್ಲ. ಬಲೂಚಿಸ್ತಾನ, ಪಂಜಾಬ್, ಸಿಂಧ್, ಅಫ್ಘಾನಿಸ್ತಾನದ ಕಡೆಯಿಂದ ಹೋದ ಒಂಟೆ ಸವಾರರು ಲಾರಿ ಬರೋ ತನಕ ಈ ಸೀಮೆಗೆ ಹಿಟ್ಟು, ತಂತಿ, ಬೋರಿನ ಕೊಳವೆ ಎಲ್ಲ ಹೊತ್ತರು. ಮರ್ರೀಲಿ ಅವರು ಮಣ್ಣಿನ ಮಸೀದಿ ಕಟ್ಟಿಕೊಂಡಿದ್ರು, ಖರ್ಜೂರದ ಮರ ನೆಟ್ಟಿದ್ರು. ರೈಲು ಹಳಿಯ ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಇವರು ಮತ್ತೆ ಮೂಲನಿವಾಸಿಗಳು.

ಕೊನೆಗೆ, ಇಷ್ಟು ಕಮ್ಮಿ ಜನಕ್ಕೆ ಏನೇನು ತಲುಪಿಸಿದ್ರು ಅನ್ನೋದು. ಟಾಮ್ ಕ್ರೂಸ್ ಅಂತ ಒಬ್ಬ ಅಂಚೆಯವನು, ಸಿನಿಮಾದವನಲ್ಲ, 1936ರಿಂದ ಎರಡು ದಶಕ ಮರ್ರೀಯಿಂದ ಬರ್ಡ್ಸ್‌ವಿಲ್‌ಗೆ ಹದಿನೈದು ದಿನಕ್ಕೊಮ್ಮೆ ಲಾರೀಲಿ ಅಂಚೆ, ದಿನಸಿ, ಔಷಧಿ ಒಯ್ದ. ಮರಳುದಿಬ್ಬ ಬಂದ್ರೆ ಕಬ್ಬಿಣದ ತಗಡು ಚಕ್ರದಡಿ ಹಾಕೋದು, ಲಾರಿ ನಾಲ್ಕು ಮಾರು ಹೋಗೋದು, ಹಿಂದಿನ ತಗಡು ತೆಗೆದು ಮತ್ತೆ ಮುಂದಕ್ಕೆ ಹಾಕೋದು. 1928ರಲ್ಲಿ ಜಾನ್ ಫ್ಲಿನ್ ಅನ್ನೋ ಪಾದ್ರಿಯ ಹಠದಿಂದ ಕ್ಲಾನ್‌ಕರಿಯಲ್ಲಿ ವಿಮಾನದ ಡಾಕ್ಟರ್ ಸೇವೆ ಶುರು ಆಯ್ತು. ಮರುವರ್ಷ ಆಲ್ಫ್ರೆಡ್ ಟ್ರೇಗರ್ ಸೈಕಲ್ ಪೆಡಲ್ ತುಳಿದು ಕರೆಂಟ್ ಮಾಡಿಕೊಳ್ಳೋ ರೇಡಿಯೋ ಕೊಟ್ಟ. ಪ್ರತಿ ಸ್ಟೇಷನ್‌ನಲ್ಲಿ ಔಷಧಿ ಪೆಟ್ಟಿಗೆ, ಒಳಗಿನ ಪ್ರತಿ ಔಷಧಿಗೂ ನಂಬರ್. ಡಾಕ್ಟರ್ ರೇಡಿಯೋದಲ್ಲಿ ನಂಬರ್ ಹೇಳ್ತಾರೆ, ಮನೆಯವರು ತೆಗೆದು ಕೊಡ್ತಾರೆ. ರಾತ್ರಿ ವಿಮಾನ ಇಳೀಬೇಕಾದ್ರೆ ಹಾಲಿನಪುಡಿ ಡಬ್ಬೀಲಿ ಟಾಯ್ಲೆಟ್ ರೋಲ್ ಇಟ್ಟು ಡೀಸೆಲ್ ಸುರಿದು ಏರ್‌ಸ್ಟ್ರಿಪ್ ಎರಡೂ ಬದಿ ಹಚ್ಚಿಡ್ತಿದ್ರು. 1951ರಲ್ಲಿ ಅಡಿಲೇಡ್ ಮೀತ್ಕೆ ಅನ್ನೋ ಶಿಕ್ಷಕಿಯ ಯೋಚನೆಯಿಂದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ರೇಡಿಯೋ ಶಾಲೆ ಶುರು ಆಯ್ತು. ಇವತ್ತು ಅದೇ ಪಾಠ ಇಂಟರ್ನೆಟ್‌ನಲ್ಲಿ ನಡೆಯತ್ತೆ, ಅಡುಗೆಮನೆ ಪಕ್ಕದ ರೂಮಲ್ಲಿ ಎರಡೇ ಮಕ್ಕಳು ಕೂತು ನೂರಾರು ಕಿಲೋಮೀಟರ್ ದೂರದ ಟೀಚರ್ ಜೊತೆ ಮಾತಾಡ್ತಾರೆ. ಆ ಎರಡು ಮಕ್ಕಳಿಗೆ ಟೀಚರ್ ಯಾಕೆ ಅಂತ ಅಲ್ಲಿ ಯಾರೂ ಕೇಳಲ್ಲ. ಹತ್ತೇ ಮಕ್ಕಳಿದಾರೆ ಅಂತ ಊರಿನ ಶಾಲೆ ಮುಚ್ಚೋ ಮಾತಾಡೋ ನಮ್ಮವರಿಗೆ ನಾನು ಇದನ್ನ ಹೋದಲ್ಲೆಲ್ಲ ಹೇಳ್ತೀನಿ.

ಸಭೇಲಿ ಒಬ್ಬರು ಕೇಳಿದ್ರು, ನಾವು ಹೋಗಿ ನೋಡಬಹುದಾ ಅಂತ. ಖಂಡಿತ ಹೋಗಿ, ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ, ಅದು ಅಲ್ಲಿನ ಚಳಿಗಾಲ. ಬೇಸಿಗೇಲಿ ಬೇಡ. 1963ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಒಂದು ಕುಟುಂಬ ಈ ಟ್ರ್ಯಾಕಲ್ಲಿ ಕಾರು ನಿಂತುಹೋಗಿ, ಕಾರು ಬಿಟ್ಟು ನಡೆಯೋಕೆ ಹೋಗಿ ಐದೂ ಜನ ಬಾಯಾರಿ ತೀರಿಕೊಂಡ್ರು. ಹಂಗಾಗಿ ಗಾಡಿ ಕೆಟ್ರೆ ಗಾಡಿ ಹತ್ರನೇ ಇರಿ, ನೆರಳಲ್ಲಿ ಕೂತ್ಕೊಳ್ಳಿ, ಹುಡುಕೋರಿಗೆ ಗಾಡಿ ಕಾಣತ್ತೆ, ಮನುಷ್ಯ ಕಾಣಲ್ಲ. ಫೋನ್ ಸಿಗ್ನಲ್ ನಂಬಬೇಡಿ, ಸ್ಯಾಟಲೈಟ್ ಫೋನ್ ಬಾಡಿಗೆಗೆ ಸಿಗತ್ತೆ. ಎರಡು ಸ್ಪೇರ್ ಟೈರ್ ಇಟ್ಕೊಳ್ಳಿ, ಅಲ್ಲಿನ ಕಲ್ಲು ಟೈರ್ ಸೀಳತ್ತೆ. ಮಳೆ ಬಂದು ರಸ್ತೆ ಮುಚ್ಚಿದೆ ಅಂತ ಬೋರ್ಡ್ ಇದ್ರೆ ನುಗ್ಗಬೇಡಿ, ದಂಡ ಹಾಕ್ತಾರೆ ಅನ್ನೋದಕ್ಕಿಂತ ಹೆಚ್ಚಾಗಿ ಹಸಿ ರಸ್ತೇಲಿ ಬಿದ್ದ ಚಕ್ರದ ಗುಂಡಿ ಒಣಗಿ ಕಲ್ಲಾಗತ್ತೆ, ಆಮೇಲೆ ತಿಂಗಳುಗಟ್ಟಲೆ ಆ ರಸ್ತೇಲಿ ಅಂಚೆ ಗಾಡಿ, ದನದ ಲಾರಿ ಓಡಾಡಬೇಕು. ಮತ್ತೆ ನೀರು, ತಲೆಗೆ ದಿನಕ್ಕೆ ಐದು ಲೀಟರ್‌ಗಿಂತ ಕಮ್ಮಿ ಇಟ್ಕೋಬೇಡಿ, ಮೇಲೆ ಮೂರ್ನಾಲ್ಕು ದಿನಕ್ಕೆ ಆಗೋಷ್ಟು ಹೆಚ್ಚಿಗೆ.